ತಿಪ್ಪೇಶಿ ಮಾವ ತೊಟ್ಟಿಗೆ

ನನ್ನ ಗಂಡ ದಿನಕ್ಕೆ ಎಷ್ಟು ಸಲ ಬೀಳಬೇಕು ಎಂಬುದು ನಮ್ಮೂರಿನ ಮಕ್ಕಳ ಮರ್ಜಿಗೆ ಬಿಟ್ಟ ವಿಷಯವಾಗಿತ್ತು. ಮಳೆ ಹಿಡಿದು ಮಕ್ಕಳು ಮನೆಯೊಳಗೆ ಕೂತ ದಿನ ಒಂದು ಸಲವೂ ಇಲ್ಲ. ಪರೀಕ್ಷೆ ಮುಗಿದ ದಿನವಂತೂ ಕೇಳಲೇಬೇಡಿ, ಇವರನ್ನು ಎತ್ತಿ ಎತ್ತಿ ನಿಲ್ಲಿಸಿ ನನ್ನ ರಟ್ಟೆ ಬಿದ್ದುಹೋಗುತ್ತಿತ್ತು. ಮಕ್ಕಳು ಹಾಡುತ್ತಿದ್ದದ್ದು ಇಷ್ಟೇ:

ತಿಪ್ಪೇಶಿ ಮಾವ ತೊಟ್ಟಿಗೆ ಬಿದ್ದ
ತೊಟ್ಟೀಲಿ ನೀರಿಲ್ಲ, ಆದ್ರೂ ಒದ್ದೆ
ಮೀಸೆ ಒಂದ್ ಮೇಲಕ್ಕೆ, ಮೀಸೆ ಒಂದ್ ಕೆಳಕ್ಕೆ
ಹಾಲತ್ತೆ ನಕ್ಳು ಹಲ್ಲೆಲ್ಲ ಹೊರಕ್ಕೆ

ತಿಪ್ಪೇಶಿ ಮಾವ ಎಂದರೆ ನನ್ನ ಗಂಡ, ಬಜಾರಿನ ಮೂಲೆಯ ಗೋಲಿ ಸೋಡಾ ಅಂಗಡಿಯ ತಿಪ್ಪೇಶಪ್ಪ. ಹಾಲತ್ತೆ ಎಂದರೆ ನಾನು, ಹಾಲಮ್ಮ. ಮಕ್ಕಳು ಮೊದಲ ಸಾಲು ಎತ್ತಿಕೊಂಡರೆ ಸಾಕು, ಇವರು ಎಲ್ಲಿದ್ದರೂ ಕಾಲು ತಾನಾಗಿ ತೊಟ್ಟಿಯ ಕಡೆ ತಿರುಗುತ್ತಿತ್ತು. ಕೈಯಲ್ಲಿ ಗಿರಾಕಿಯ ಸೋಡಾ ಇದ್ದರೆ ಅದೂ ಜೊತೆಗೆ ಹೊರಡುತ್ತಿತ್ತು. ಮಕ್ಕಳು ‘ತಿಪ್ಪೇಶಿ ಮಾವ, ತಿಪ್ಪೇಶಿ ಮಾವ’ ಎಂದು ಹಿಂದೆ ನಡೆದು, ತೊಟ್ಟಿ ಹತ್ತಿರ ಬಂದ ಮೇಲೆ ‘ತೊಟ್ಟಿಗೇ’ ಎಂದು ಉದ್ದಕ್ಕೆ ಎಳೆದು, ಇವರು ಸರಿಯಾಗಿ ಬಾಗಿದ ಮೇಲೆಯೇ ‘ಬಿದ್ದ’ ಎನ್ನುತ್ತಿದ್ದರು. ಅಷ್ಟು ಮರ್ಯಾದೆ ನಮ್ಮೂರಿನ ಮಕ್ಕಳಿಗಿದೆ. ಬಿದ್ದ ಕೂಡಲೇ ಅಂಗಿ ಪಂಚೆ ಒದ್ದೆ, ಮೀಸೆಯ ಒಂದು ತುದಿ ಮೇಲೆ, ಇನ್ನೊಂದು ಕೆಳಗೆ. ಬೇಸಿಗೆಯಲ್ಲಿ ನಲ್ಲಿ ನಿಂತಾಗ ಅಕ್ಕಪಕ್ಕದ ಹೆಂಗಸರು ಮಕ್ಕಳ ಕೈಲಿ ಹಾಡಿಸಿ, ಇವರ ಪಂಚೆ ಹಿಂಡಿ ಕರಿಬೇವಿನ ಗಿಡಕ್ಕೆ ಹಾಕಿದ್ದೂ ಉಂಟು.

ನಮ್ಮೂರಲ್ಲಿ ಪದ್ಯಕ್ಕೆ ಸಿಕ್ಕವರು ನಾವಿಬ್ಬರೇ ಅಲ್ಲ. ದರ್ಜಿ ಕೊಟ್ರಯ್ಯನ ಪದ್ಯದಲ್ಲಿ ಅವನು ಪೈಜಾಮಕ್ಕೆ ಒಂದೇ ಕಾಲು ಹೊಲಿಯುತ್ತಾನೆ. ಮಕ್ಕಳು ಅವನ ಅಂಗಡಿಯ ಮುಂದೆ ಹಾಡಿಕೊಂಡು ಹೋದರೆ ಆ ಹೊತ್ತು ಮಿಷನ್ನಿನ ಮೇಲಿದ್ದ ಪೈಜಾಮಕ್ಕೆ ಒಂದೇ ಕಾಲು, ಇನ್ನೊಂದು ಕಾಲಿಗೆ ಗಿರಾಕಿ ಮತ್ತೆ ಬರಬೇಕು. ಯಾರೂ ಜಗಳವಾಡುವುದಿಲ್ಲ, ಮದುವೆಗೆ ಹೊಲಿಸುವವರು ಬಟ್ಟೆಯನ್ನು ಸ್ವಲ್ಪ ಮುಂಚೆ ಕೊಡುತ್ತಾರೆ ಅಷ್ಟೆ. ಮೇಲಿನ ಬೀದಿಯ ವಕೀಲರು ತಮ್ಮ ಪದ್ಯ ಕಿವಿಗೆ ಬಿದ್ದರೆ ಕೋರ್ಟಿನಲ್ಲೇ ಕೋಳಿಯಂತೆ ಕೂಗುತ್ತಾರೆ. ಜಡ್ಜ್ ಸಾಹೇಬರು ಆಗ ಒಂದು ಟೀ ತರಿಸುತ್ತಾರೆ. ಹೊರಗಿನಿಂದ ಬಂದವರು ನಿಮ್ಮೂರಲ್ಲಿ ಯಾಕೆ ಹೀಗೆ ಎಂದು ಕೇಳುತ್ತಾರೆ. ನಿಮ್ಮೂರಲ್ಲಿ ಹಾಡಿದರೆ ಏನೂ ಆಗುವುದಿಲ್ಲವೇ, ಮತ್ತೆ ಯಾಕೆ ಹಾಡುತ್ತೀರಿ ಎಂದು ನಾವು ಕೇಳುತ್ತೇವೆ.

ಮೊದಮೊದಲು ತೊಂದರೆಯಾದದ್ದು ತೊಟ್ಟಿಗಳಿಂದ. ಪದ್ಯದಲ್ಲಿ ಬರೀ ತೊಟ್ಟಿ ಎಂದಿದೆ, ಯಾವ ತೊಟ್ಟಿ ಎಂದಿಲ್ಲ. ಹಾಗಾಗಿ ಹತ್ತಿರ ಯಾವುದಿದ್ದರೆ ಅದಕ್ಕೆ ಬೀಳುತ್ತಿದ್ದರು. ದನಕ್ಕೆ ನೀರು ಕುಡಿಸುವ ತೊಟ್ಟಿ, ನೂಲಿಗೆ ಬಣ್ಣ ಅದ್ದುವ ತೊಟ್ಟಿ, ಎಲ್ಲಕ್ಕಿಂತ ಹೆಚ್ಚಾಗಿ ಕಸದ ತೊಟ್ಟಿ. ಬಣ್ಣದ ತೊಟ್ಟಿಗೆ ಬಿದ್ದ ಸಲ ಯುಗಾದಿಯ ತನಕ ನೀಲಿಯಾಗಿದ್ದರು. ಕೊನೆಗೆ ಪುರಸಭೆಯವರು ಸಭೆ ಸೇರಿ, ಇನ್ನು ಮುಂದೆ ಊರಿನ ಯಾವ ತೊಟ್ಟಿಯನ್ನೂ ತೊಟ್ಟಿ ಎನ್ನಕೂಡದು, ಡಬ್ಬ ಎನ್ನಬೇಕು ಎಂದು ಠರಾವು ಮಾಡಿದರು. ಕಸದ ಡಬ್ಬ, ದನದ ಡಬ್ಬ, ಬಣ್ಣದ ಡಬ್ಬ. ಜನ ನಾಲಿಗೆ ತಿದ್ದಿಕೊಂಡರು. ಮರುದಿನ ಮಕ್ಕಳು ಹಾಡಿದಾಗ ಊರಿನಲ್ಲಿ ಒಂದೂ ತೊಟ್ಟಿ ಸಿಗದೆ ಇವರ ಕಾಲು ಊರನ್ನೇ ಬಿಟ್ಟು ನಡೆಯಿತು, ಹಿಂದೆ ಮಕ್ಕಳ ಮೆರವಣಿಗೆ. ಸಂಜೆ ಪಕ್ಕದೂರಿನ ಎಮ್ಮೆ ತೊಟ್ಟಿಯಿಂದ ಎತ್ತಿಕೊಂಡು ಬಂದೆವು. ಹಾಗಾಗಿ ಒಂದನ್ನು ತೊಟ್ಟಿಯಾಗಿಯೇ ಉಳಿಸಬೇಕಾಯಿತು, ನಮ್ಮ ಹಿತ್ತಲಿನ ಕಲ್ಲು ತೊಟ್ಟಿಯನ್ನು. ಅದಕ್ಕೆ ನಾನು ಹಳೆಯ ಹಾಸಿಗೆ ಹಾಸಿದೆ.

ಅದರಿಂದ ನನಗೊಂದು ಅನುಕೂಲವೂ ಆಯಿತು. ಊಟದ ಹೊತ್ತಿಗೆ ಇವರು ಅಂಗಡಿಯಲ್ಲಿ ಹರಟೆಗೆ ಕೂತರೆ, ಎದುರು ಮನೆಯ ಮಗುವಿಗೆ ಬೆಲ್ಲದ ಚೂರು ಕೊಟ್ಟು ಹಾಡಿಸಿದರೆ ಸಾಕು, ಗಂಡ ಮನೆಗೆ. ‘ಬಿದ್ದ’ ಎನ್ನುವ ಮೊದಲು ಮಗುವಿನ ಬಾಯಿಗೆ ಇನ್ನೊಂದು ಚೂರು ತುರುಕಿಬಿಟ್ಟರೆ ಇವರು ತೊಟ್ಟಿಯ ಪಕ್ಕ ಓರೆಯಾಗಿ ನಿಂತಿರುತ್ತಿದ್ದರು. ಮಗು ಹಾಡು ಮರೆತು ಆಟಕ್ಕೆ ಓಡಿದ ಮೇಲೆ ನೆಟ್ಟಗಾಗಿ, ಕೈ ತೊಳೆದುಕೊಂಡು ಊಟಕ್ಕೆ ಕೂರುತ್ತಿದ್ದರು. ಎಷ್ಟು ಹೆಂಗಸರಿಗೆ ಆ ಭಾಗ್ಯವಿದೆ?

ಪದ್ಯ ಹುಟ್ಟಿದ ದಿನ ನನಗೆ ಚೆನ್ನಾಗಿ ನೆನಪಿದೆ. ಮದುವೆಯಾದ ಹೊಸತು. ಸೋಡಾ ಗ್ಲಾಸು ತರಲು ಸಂತೆಗೆ ಹೋದ ಇವರು ಒಂದು ಮರದ ತೊಟ್ಟಿಲು ಕೊಂಡು ತಂದರು. ನಾನಿನ್ನೂ ಬಸುರಿಯೂ ಅಲ್ಲ. ಓಣಿಯವರ ಕಣ್ಣಿಗೆ ಬಿದ್ದರೆ ನಗುತ್ತಾರೆಂದು ತೊಟ್ಟಿಲನ್ನು ತಲೆಯ ಮೇಲೆ ಮಗುಚಿಕೊಂಡು ಹಿತ್ತಲ ದಾರಿಯಿಂದ ಬಂದರು. ಮುಖವೆಲ್ಲ ತೊಟ್ಟಿಲೊಳಗೆ. “ಹಾಲೂ, ಒಳ್ಳೇ ಹಲಸಿನ ಮರ ಕಣೇ, ಆಮೇಲೆ ಬೇಕಂದ್ರೆ ಸಿಗಲ್ಲ” ಎಂದು ಒಳಗಿನಿಂದಲೇ ಕೂಗುತ್ತಾ, ತೊಟ್ಟಿಲ ಸಮೇತ ಕಲ್ಲು ತೊಟ್ಟಿಗೆ ಬಿದ್ದರು. ತೊಟ್ಟಿಯಲ್ಲಿ ಒಂದು ಹನಿ ನೀರಿರಲಿಲ್ಲ, ಆದರೆ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ ಸೋಡಾ ಬಾಟಲಿ ಒಡೆದು ಮೈಯೆಲ್ಲ ಒದ್ದೆ. ಮೇಲೆದ್ದಾಗ ಮೀಸೆಯ ಒಂದು ತುದಿ ಆಕಾಶ ನೋಡುತ್ತಿತ್ತು, ಇನ್ನೊಂದು ನೆಲ. ನಾನು ಬಾಗಿಲಲ್ಲಿ ನಿಂತು ಹೊಟ್ಟೆ ಹಿಡಿದುಕೊಂಡು ನಕ್ಕೆ. ನಮ್ಮ ಸೀಬೆಹಣ್ಣು ಕದಿಯಲು ಗೋಡೆಯ ಮೇಲೆ ಕೂತಿದ್ದ ಮಕ್ಕಳು ಎಲ್ಲವನ್ನೂ ನೋಡಿಬಿಟ್ಟಿದ್ದರು.

ಆಗ ಅವರು ಕಟ್ಟಿದ್ದು ‘ತಿಪ್ಪೇಶಿ ಮಾವ ತೊಟ್ಟಿಲು ಹೊತ್ತು ತೊಟ್ಟಿಗೆ ಬಿದ್ದ’ ಎಂದು. ಹಗ್ಗದಾಟಕ್ಕೆ ಅದು ಉದ್ದವಾಯಿತೆಂದು ಆಮೇಲಿನ ಮಕ್ಕಳು ತೊಟ್ಟಿಲನ್ನು ಕೈಬಿಟ್ಟರು. ನಮ್ಮ ಮನೆಗೂ ತೊಟ್ಟಿಲು ಬೇಕಾಗಲಿಲ್ಲ, ನಮಗೆ ಮಕ್ಕಳಾಗಲಿಲ್ಲ. ಅದರ ಹಲಗೆಗಳು ಈಗ ಅಂಗಡಿಯಲ್ಲಿ ಬಾಟಲಿ ಜೋಡಿಸುವ ಗೂಡಾಗಿವೆ. ಬೇಸರವಿಲ್ಲವೇ ಎಂದರೆ ಇದೆ. ಆದರೆ ಊರಿನ ಮಕ್ಕಳೆಲ್ಲ ಬಾಯಿ ತೆರೆದರೆ ಮಾವ, ಅತ್ತೆ ಎನ್ನುತ್ತಿದ್ದರಿಂದ ಮನೆ ಯಾವತ್ತೂ ಖಾಲಿ ಅನ್ನಿಸಲಿಲ್ಲ.

ನನಗಿದ್ದ ಕಷ್ಟ ಕೊನೆಯ ಸಾಲು. ಅದನ್ನು ಹಾಡಿದರೆ ನಾನು ನಗಲೇಬೇಕು. ಒಲೆಯ ಮುಂದಿದ್ದರೂ ನಗಬೇಕು, ಸಾವಿನ ಮನೆಯಲ್ಲಿ ಕೂತಿದ್ದರೂ ನಗಬೇಕು. ನನ್ನ ಅತ್ತೆ ತೀರಿಕೊಂಡ ದಿನ ದೂರದ ಬೀದಿಯಲ್ಲಿ ಯಾವುದೋ ಮಗು ಆ ಸಾಲೊಂದನ್ನೇ ಹಾಡಿತು. ಹೆಣದ ಮುಂದೆ ನಾನು ಹಲ್ಲೆಲ್ಲ ಹೊರಗೆ ಹಾಕಿ ನಕ್ಕೆ. ಊರವರು ಅರ್ಥಮಾಡಿಕೊಂಡರು, ಬೇರೆ ಊರಿನಿಂದ ಬಂದ ನೆಂಟರು ಇವತ್ತಿಗೂ ನಮ್ಮ ಮನೆಗೆ ಕಾಲಿಡುವುದಿಲ್ಲ. ಇವರು ಬಿದ್ದಾಗಲೆಲ್ಲ ನಾನು ನಗುತ್ತಲೇ ಹೋಗಿ, ನಗುತ್ತಲೇ ಕಂಕುಳಿಗೆ ಕೈ ಹಾಕಿ ಎತ್ತುತ್ತಿದ್ದೆ. ಪದ್ಯದಲ್ಲಿ ಬಿದ್ದದ್ದಿದೆ, ಎದ್ದದ್ದಿಲ್ಲ. ಹಾಗಾಗಿ ಅವರಾಗಿ ಅವರು ಏಳಲಾಗುತ್ತಿರಲಿಲ್ಲ.

ಹೀಗೇ ನಡೆದುಕೊಂಡು ಹೋಗುತ್ತಿತ್ತು, ಹೋದ ವರ್ಷದ ಪರೀಕ್ಷೆ ಮುಗಿಯುವ ತನಕ. ಆವತ್ತು ಇಡೀ ಶಾಲೆ ನಮ್ಮ ಹಿತ್ತಲಿಗೆ ನುಗ್ಗಿ ಹಾಡಿತು. ಹಾಸಿಗೆಯೇನೋ ತೊಟ್ಟಿಯೊಳಗೆ ಇತ್ತು, ಇವರ ತೊಡೆ ಬಡಿದದ್ದು ಮಾತ್ರ ತೊಟ್ಟಿಯ ಅಂಚಿಗೆ. ಕಟಕ್ಕೆಂದ ಸದ್ದು ನನಗೂ ಕೇಳಿಸಿತು. ಮಕ್ಕಳು ಹಾಡು ಮುಗಿಸಿಯಾಗಿತ್ತು. ಇವರು ಅಮ್ಮಾ ಎಂದು ಚೀರುತ್ತಿದ್ದರು, ಮಕ್ಕಳು ಹೆದರಿ ಅಳುತ್ತಿದ್ದರು, ನಾನು ನಗುತ್ತಿದ್ದೆ. ದೊಡ್ಡ ಊರಿನ ಆಸ್ಪತ್ರೆ ಮುಟ್ಟುವ ತನಕ ಆ ದರಿದ್ರ ನಗು ನನ್ನನ್ನು ಬಿಡಲಿಲ್ಲ. ಒಳಗೆ ಅಳು, ಹೊರಗೆ ಹಲ್ಲು. ಅಲ್ಲಿನ ಡಾಕ್ಟರು ನನ್ನನ್ನು ನೋಡಿ ನರ್ಸಿನ ಕಿವಿಯಲ್ಲಿ ಏನೋ ಪಿಸುಗುಟ್ಟಿದರು.

ತೊಡೆಗೆ ರಾಡು ಹಾಕಿ ಕಳಿಸುವಾಗ ಅವರು ಹೇಳಿದರು: “ನೋಡಿಮ್ಮಾ, ಇವರ ಮೂಳೆ ಹಪ್ಪಳ ಆಗಿದೆ. ಇನ್ನೊಂದು ಸಲ ಬಿದ್ರೆ ನಾನೂ ಏನೂ ಮಾಡಕ್ಕಾಗಲ್ಲ. ಹಾಸಿಗೆ ಹಿಡಿದ್ರೆ ಹಿಡಿದಂಗೇ. ಬೀಳದಂಗೆ ನೋಡ್ಕೊಳಿ.”

“ಬೀಳೋದು ನನ್ ಕೈಲಿಲ್ಲ ಡಾಕ್ಟ್ರೆ” ಎಂದರು ಇವರು. “ಮತ್ತೆ ಯಾರ ಕೈಲಿದೆ?” ಎಂದು ಡಾಕ್ಟರು ಕೇಳಿದರು. ಇವರು ಕಿಟಕಿಯ ಹೊರಗೆ ಜಾರುಬಂಡೆ ಆಡುತ್ತಿದ್ದ ಮಕ್ಕಳನ್ನು ತೋರಿಸಿದರು.

ಬೇಸಿಗೆ ರಜೆ ಹೇಗೋ ಕಳೆಯುತ್ತಿತ್ತು. ಕಂಡ ತಪ್ಪಿಗೆ ಮಕ್ಕಳೂ ಊರಿಡೀ ಆ ಹಾಡಿಗೆ ಬಾಯಿ ಬಿಗಿಹಿಡಿದಿದ್ದರು. ನನಗೆ ಭಯವಿದ್ದದ್ದು ಶಾಲೆ ಶುರುವಾಗುವ ದಿನದ್ದು. ಆವತ್ತು ಒಂದನೇ ತರಗತಿಗೆ ಸೇರುವ ಮಕ್ಕಳನ್ನು ದೊಡ್ಡ ಮಕ್ಕಳು ಸಾಲಾಗಿ ನಮ್ಮ ಹಿತ್ತಲಿಗೆ ಕರೆತಂದು, ತೊಟ್ಟಿಯ ಮುಂದೆ ನಿಲ್ಲಿಸಿ, ಮೊದಲ ಪದ್ಯ ಹೇಳಿಕೊಡುವುದು ನಮ್ಮೂರಿನ ಪದ್ಧತಿ. ಆ ಹಾಡು ಹಾಡದೆ ಸ್ಲೇಟು ಹಿಡಿದ ಮಗುವಿಗೆ ವಿದ್ಯೆ ಹತ್ತುವುದಿಲ್ಲವೆಂದು ತಾಯಂದಿರ ನಂಬಿಕೆ. ಹೆಡ್‌ಮಿಸ್ ತ್ರಿವೇಣಿಯವರ ಬಳಿ ಹೋಗಿ ಬೇಡಿಕೊಂಡೆ. ಅವರು ಪಾಪ, ಕಣ್ಣಲ್ಲಿ ನೀರು ತಂದುಕೊಂಡರು. “ಹಾಲಮ್ನೋರೇ, ನಿಮ್ಮ ಯಜಮಾನ್ರಿಗೆ ಜ್ವರ ಬಂದಾಗ ಒಂದ್ಸಲ ಬ್ಯಾನ್ ಮಾಡಿದ್ದೆ, ನೆನಪಿದ್ಯಾ? ಬಾಯಿ ಮುಚ್ಕೊಂಡು ಮೂಗಲ್ಲೇ ಹಾಡಿದ್ರು. ಅವರು ಅದಕ್ಕೂ ಬಿದ್ರು” ಎಂದರು.

ಇಡೀ ಶಾಲೆಯ ಬಾಯಿಗೆ ಬೆಲ್ಲ ತುರುಕಲು ಆಗುತ್ತದೆಯೇ? ಇವರನ್ನು ಮಂಚಕ್ಕೆ ಕಟ್ಟಬಹುದಲ್ಲ ಎಂದು ದರ್ಜಿ ಕೊಟ್ರಯ್ಯ ಹೇಳಿದ. ಅದನ್ನೂ ಹಿಂದೆ ಮಾಡಿ ನೋಡಿದ್ದೆವು, ಮಂಚದ ಸಮೇತ ನಡೆದು ಹೋಗಿ ಬಿದ್ದಿದ್ದರು.

ಒಂದು ಮಧ್ಯಾಹ್ನ ಇವರು ಹಲ್ಲುಸೆಟ್ಟನ್ನು ಲೋಟದ ನೀರಿನಲ್ಲಿಟ್ಟು ಸುಮ್ಮನೆ ಸೂರು ನೋಡುತ್ತಾ ಮಲಗಿದ್ದರು. ಸೆಟ್ಟು ಸಡಿಲ, ಜೋರಾಗಿ ಮಾತಾಡಿದರೂ ಕಳಚಿಕೊಳ್ಳುತ್ತದೆ. ಇವರು ನಗುವವರಂತೂ ಅಲ್ಲ. ಪದ್ಯದಲ್ಲಿ ಬೀಳುವುದು ಇವರ ಕೆಲಸ, ನಗುವುದು ನನ್ನದು ಎಂದು ಯಾವಾಗಲೋ ಹಂಚಿಕೆಯಾಗಿಹೋಗಿತ್ತು. ನಾನು ಅಕ್ಕಿ ಆರಿಸುತ್ತಾ ಪಕ್ಕದಲ್ಲಿ ಕೂತಿದ್ದೆ.

“ಹಾಲೂ” ಎಂದರು. “ಒಂದು ಕೇಳ್ತೀನಿ, ಬೇಜಾರಾಗ್ಬೇಡ. ಮಕ್ಳು ಹಾಡ್ದೇ ಇದ್ದಾಗ ನೀನು ಯಾವತ್ತಾದ್ರೂ ನಕ್ಕಿದೀಯಾ? ನಮ್ಮನೇಲಿ, ನನ್ ಜೊತೆ?”

“ಮೊದಲ್ನೇ ದಿನ ನಕ್ಕಿರ್ಲಿಲ್ವೇನ್ರೀ? ಪದ್ಯ ಆಗಿನ್ನೂ ಹುಟ್ಟೇ ಇರ್ಲಿಲ್ಲ.”

“ಅದು ನೀನು ತೊಟ್ಲು ನೋಡಿ ನಾಚ್ಕೆಗೆ ನಕ್ಕಿದ್ದು. ಅದಾದ್ಮೇಲೆ?”

ನಕ್ಕಿರಲಿಲ್ಲ ಎಂದಲ್ಲ. ಊರಿನ ಯಾವುದೋ ಮೂಲೆಯಲ್ಲಿ ಯಾವುದೋ ಮಗು ಆ ಕೊನೆಯ ಸಾಲನ್ನು ಗುನುಗುತ್ತಲೇ ಇರುತ್ತಿತ್ತು. ಬಂದ ನಗು ನನ್ನದೋ ಪದ್ಯದ್ದೋ ಎಂದು ಆರಿಸುವುದು ಅಕ್ಕಿಯಲ್ಲಿ ಕಲ್ಲು ಆರಿಸಿದಷ್ಟು ಸುಲಭವಲ್ಲ. “ಅದೆಲ್ಲ ಈಗ್ಯಾಕೆ, ಮಲ್ಕೊಳಿ ಸುಮ್ನೆ” ಎಂದು ಗದರಿಬಿಟ್ಟೆ. ಒಳಗೆ ಹೋಗಿ ಸ್ವಲ್ಪ ಅತ್ತೆ.

ಆ ದಿನಗಳಲ್ಲೇ ಚಿದಾನಂದ ಮೇಷ್ಟ್ರು ಬಂದದ್ದು. ದೂರದ ಯಾವುದೋ ವಿಶ್ವವಿದ್ಯಾಲಯದವರು, ಮಕ್ಕಳ ಪದ್ಯಗಳ ಮೂಲ ಹುಡುಕುವುದು ಅವರ ಕೆಲಸ. ಹೆಗಲಿಗೊಂದು ರೆಕಾರ್ಡರು, ತಲೆಗೊಂದು ಮಫ್ಲರು. ಮಂಚದ ಪಕ್ಕದ ಕುರ್ಚಿಯಲ್ಲಿ ಕೂತು, ನಾನು ಕೊಟ್ಟ ಕಾಫಿ ಊದುತ್ತಾ, “ಈ ತಿಪ್ಪೇಶಿ ಮಾವ ನಿಜಕ್ಕೂ ಯಾರು ಅಂತ ನಿಮಗೇನಾದ್ರೂ ಗೊತ್ತಾ?” ಎಂದು ಕೇಳಿದರು.

“ನಾನೇ” ಎಂದರು ಇವರು ಮಂಚದಿಂದ.

“ಹೌದು ಹೌದು” ಎಂದು ಮೇಷ್ಟ್ರು ಗಂಭೀರವಾಗಿ ತಲೆದೂಗಿದರು. “ನಮ್ಮೆಲ್ಲರ ಒಳಗೂ ಒಬ್ಬ ತಿಪ್ಪೇಶಿ ಇದ್ದೇ ಇರ್ತಾನೆ. ಆದರೆ ಚರಿತ್ರೆಯಲ್ಲಿ ಅವನೊಬ್ಬ ಪಾಳೆಯಗಾರ. ತೊಟ್ಟಿ ಅಂದ್ರೆ ಕೋಟೆಯ ಕಂದಕ. ಕಂದಕದಲ್ಲಿ ನೀರಿಲ್ಲ, ಅಂದ್ರೆ ಕ್ಷಾಮ. ಒಂದು ಮೀಸೆ ಮೇಲೆ ಒಂದು ಕೆಳಗೆ, ಅಂದ್ರೆ ಅರ್ಧ ರಾಜ್ಯ ಕಳ್ಕೊಂಡ. ಹಾಲತ್ತೆ ಬಹುಶಃ ಒಬ್ಬಳು ದೇವತೆ.”

“ದೇವತೆಗೆ ಸಕ್ಕರೆ ಕಮ್ಮಿ ಆಯ್ತು ಅನ್ಸುತ್ತೆ” ಎಂದು ನಾನು ಇನ್ನೊಂದು ಚಮಚ ಹಾಕಿದೆ. ತೊಟ್ಟಿಲು, ಸಂತೆ, ಒಡೆದ ಸೋಡಾ ಬಾಟಲಿ, ಎಲ್ಲವನ್ನೂ ಹೇಳಿದೆ. ಅವರು ತುಂಬ ಪ್ರೀತಿಯಿಂದ ಕೇಳಿ, ಇದು ಜನ ಆಮೇಲೆ ಕಟ್ಟಿಕೊಂಡ ಕಥೆ ಎಂದರು. ಸಿಟ್ಟು ಬಂತು, ಆದರೆ ಮನುಷ್ಯ ಕೆಟ್ಟವರಲ್ಲ. ಇವರ ಕಾಲಿನ ಕಥೆ ಕೇಳಿದಾಗ ಅವರ ಮುಖ ಸಪ್ಪಗಾಯಿತು. ಕಾಫಿ ಲೋಟ ಕೆಳಗಿಟ್ಟು ಅವರು ಹೇಳಿದ ಮಾತು ನನ್ನ ತಲೆಯಲ್ಲಿ ಕೂತಿತು.

“ಮಕ್ಕಳ ಪದ್ಯಾನ ಯಾರೂ ನಿಲ್ಲಿಸಕ್ಕೆ ಆಗಲ್ಲಮ್ಮ. ಅದಕ್ಕಿಂತ ನಗು ಬರೋ ಇನ್ನೊಂದು ಪದ್ಯ ಬಂದ್ರೆ ಮಾತ್ರ ಇದನ್ನ ಬಿಡ್ತಾರೆ. ಅದೂ ಅವರೇ ಕಣ್ಣಾರೆ ಕಂಡು ಕಟ್ಬೇಕು, ನಾವು ಕಟ್ಟಿಕೊಟ್ರೆ ಮೂಸಿಯೂ ನೋಡಲ್ಲ. ಆದ್ರೂ ಧೈರ್ಯ ಕೆಡಬೇಡಿ. ಕನ್ನಡದ ವಾಕ್ಯ ನೋಡಿ, ಕ್ರಿಯಾಪದ ಬರೋದು ಕಟ್ಟಕಡೇಲಿ. ತಿಪ್ಪೇಶಿ ಮಾವ ತೊಟ್ಟಿಗೆ ಅಂತ ಅಂದಾಗ ಇನ್ನೂ ಏನೂ ಆಗಿರಲ್ಲ. ಕೊನೇ ಪದದ ತನಕ ಆಸೆ ಇಟ್ಕೋಬಹುದು.”

ಕ್ರಿಯಾಪದದ ವಿಷಯ ನನಗೆ ಅಷ್ಟಾಗಿ ಹತ್ತಲಿಲ್ಲ. ಇನ್ನಷ್ಟು ನಗು ಬರಬೇಕು ಎಂಬುದು ಹತ್ತಿತು. ನಾನು ಇವರಿಗಿಂತ ತುಂಬ ಚಿಕ್ಕವಳು, ಮೈ ದುಂಡಗಿದೆ, ಬಿದ್ದರೆ ಪುಟಿಯುತ್ತೇನೆಯೇ ಹೊರತು ಮುರಿಯುವುದಿಲ್ಲ. ಇವರ ಬದಲು ನಾನೇ ಯಾಕೆ ಬೀಳಬಾರದು?

ಮರುದಿನದಿಂದ ಬೀಳತೊಡಗಿದೆ. ಬಾವಿಕಟ್ಟೆಯ ಹತ್ತಿರ ಬಿದ್ದೆ, ಬಾಳೆಹಣ್ಣಿನ ಸಿಪ್ಪೆಯ ಮೇಲೆ ಬಿದ್ದೆ, ಹಿಂದೆ ಒಂದು ದಿಂಬು ಕಟ್ಟಿಕೊಂಡು ಶಾಲೆಯ ಬಯಲಿನಲ್ಲೇ ಬಿದ್ದೆ. ಅಲ್ಲಿ ಆಡುತ್ತಿದ್ದ ಮಕ್ಕಳು ಸುತ್ತ ಸೇರಿ, ವೈದ್ಯರು ನಾಲಿಗೆ ನೋಡುವಂತೆ ನನ್ನನ್ನು ನೋಡಿದರು. ಅವರಲ್ಲಿ ಪಮ್ಮಿ ಎಂಬ ಹುಡುಗಿ ಹಾಡು ಕಟ್ಟುವುದರಲ್ಲಿ ಎತ್ತಿದ ಕೈ. ಕೊಟ್ರಯ್ಯನಿಗೆ ಒಂದೇ ಕಾಲು ಹೊಲಿಸಿದವಳೂ ಅವಳೇ. ಮುಂದಿನ ಎರಡು ಹಲ್ಲು ಬಿದ್ದ ಬಾಯಲ್ಲಿ ಅವಳು ಹೇಳಿದಳು: “ಹಾಲತ್ತೆ, ಬೀಳೋಕ್ ಮುಂಚೆ ಸೆರಗು ಸರಿ ಮಾಡ್ಕೊಂಡ್ರಿ.”

“ಸೆರಗು ಜಾರಿದ್ರೆ ನೋಡಿದೋರು ಏನಂತಾರೆ?”

“ನಿಜವಾಗ್ ಬೀಳೋರು ಅದನ್ನೆಲ್ಲ ಯೋಚ್ನೆ ಮಾಡಲ್ಲ. ನಗು ಬರಲ್ಲ ಅತ್ತೆ. ಅಳು ಬರುತ್ತೆ.” ಅಷ್ಟು ಹೇಳಿ, ನನ್ನ ಸೀರೆಗೆ ಮೆತ್ತಿದ ಮಣ್ಣು ಕೊಡವಿ, ಆಟಕ್ಕೆ ಹೋದಳು. ನನಗೂ ಅಳುವೇ ಬಂತು.

ಶಾಲೆ ಶುರುವಾಗುವ ದಿನ ಬಂದೇಬಂತು. ಬೆಳಿಗ್ಗೆಯೇ ಓಣಿಯ ಪ್ರತಿ ಮನೆಯಿಂದ ಬೂರುಗದ ಹತ್ತಿಯ ದಿಂಬುಗಳನ್ನು ತಂದು ತೊಟ್ಟಿಯ ಒಳಗೆ ತುಂಬಿದೆ, ಅಂಚಿನ ಸುತ್ತಲೂ ಕಟ್ಟಿದೆ. ಕೊಟ್ರಯ್ಯ ಬಂದು ಹೊಲಿಗೆ ಹಾಕಿಕೊಟ್ಟ. ಚಿದಾನಂದ ಮೇಷ್ಟ್ರು ರೆಕಾರ್ಡರು ಹಿಡಿದುಕೊಂಡು ಗೋಡೆಯ ಬಳಿ ನಿಂತರು. ಇವರು ಹಲ್ಲುಸೆಟ್ಟು ಹಾಕಿಕೊಂಡು, ಮೀಸೆ ತೀಡಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು ಮಂಚದ ಅಂಚಿನಲ್ಲಿ ಕೂತಿದ್ದರು. “ಮಕ್ಳ ಮೇಲೆ ಕೂಗಾಡ್ಬೇಡ ಹಾಲೂ. ಮೊದಲ್ನೇ ದಿನ ಅವಕ್ಕೆ” ಎಂದರು. ಆ ಮಾತಿಗೆ ನನಗೆ ಅವರ ಕಾಲು ಹಿಡಿದುಕೊಂಡು ಕೂತುಬಿಡಬೇಕು ಅನ್ನಿಸಿತು.

ಮಕ್ಕಳು ಸಾಲಾಗಿ ಬಂದರು. ಪುಟ್ಟವರು ಮುಂದೆ, ಹೊಸ ಬ್ಯಾಗು, ಎಣ್ಣೆ ಹಚ್ಚಿದ ತಲೆ. ಪಮ್ಮಿ ಪಕ್ಕದಲ್ಲಿ ನಿಂತಳು. ಅವಳ ಮುಖದಲ್ಲೂ ಉತ್ಸಾಹವಿರಲಿಲ್ಲ, ಆದರೆ ಪದ್ಧತಿ ಪದ್ಧತಿಯೇ. ‘ತಿಪ್ಪೇಶಿ ಮಾವ’ ಎಂದು ಅವಳು ಮೆಲ್ಲಗೆ ಎತ್ತಿಕೊಟ್ಟಳು, ಪುಟ್ಟವರು ಹಿಂದಿನಿಂದ ಹೇಳಿದರು. ಇವರ ಕಾಲು ಎದ್ದಿತು. ರಾಡು ಹಾಕಿದ ಕಾಲು ನೋಯುತ್ತಿದ್ದರೂ ಬಿಡದೆ ಹಿತ್ತಲ ಮೆಟ್ಟಿಲು ಇಳಿಸಿಕೊಂಡು ಹೋಯಿತು. ನಾನು ತೊಟ್ಟಿಯ ಮೇಲೆ ಕೊನೆಯ ಸಲ ಕಣ್ಣಾಡಿಸಿದೆ. ಆವತ್ತು ತೊಡೆ ಬಡಿದ ಅದೇ ಮೂಲೆಯ ದಿಂಬು ಕಳಚಿ ಬಿದ್ದುಹೋಗಿತ್ತು.

‘ತೊಟ್ಟಿಗೇ’ ಎಂದು ಮಕ್ಕಳು ಎಳೆಯತೊಡಗಿದರು. ಇವರು ಬಾಗಿದರು. ನಾನು ಮನೆಯೊಳಗಿದ್ದ ನನ್ನ ತಲೆದಿಂಬನ್ನು ಎಳೆದುಕೊಂಡು ತೊಟ್ಟಿಯತ್ತ ಓಡಿದೆ. ಸೆರಗು ಎಲ್ಲಿತ್ತೋ, ಸೊಂಟ ಎಲ್ಲಿತ್ತೋ. ಅಂಗಡಿಯ ಒಡೆದ ಸೋಡಾ ಬಾಟಲಿಗಳ ಗೋಲಿಗಳನ್ನು ಇವರು ಮಕ್ಕಳಿಗೆ ಆಡಲು ಕೊಡುತ್ತಿದ್ದರು, ಅದರಲ್ಲೊಂದು ಹಿತ್ತಲಿನಲ್ಲಿ ಉಳಿದಿತ್ತು. ಅದರ ಮೇಲೆ ಕಾಲಿಟ್ಟೆ. ಆಮೇಲೆ ನನಗೆ ಗೊತ್ತಾದದ್ದು ಆಕಾಶ ಕೆಳಗಿತ್ತು, ತೊಟ್ಟಿ ಮೇಲಿತ್ತು ಎಂದಷ್ಟೆ. ದಿಂಬನ್ನು ತಬ್ಬಿಕೊಂಡೇ ದಬ್ಬೆಂದು ತೊಟ್ಟಿಯೊಳಗೆ ಬಿದ್ದೆ. ಓಣಿಯವರ ದಿಂಬುಗಳೆಲ್ಲ ಒಟ್ಟಿಗೆ ಒಡೆದವು. ಬೂರುಗದ ಹತ್ತಿ ಸೂರಿಗಿಂತ ಮೇಲೆ ಹಾರಿ, ಮೆಲ್ಲಗೆ ಎಲ್ಲರ ಎಣ್ಣೆ ತಲೆಯ ಮೇಲೆ ಇಳಿಯಿತು.

ಕಣ್ಣು ಬಿಟ್ಟು ನೋಡಿದರೆ ನನ್ನ ನೆತ್ತಿಯ ಮೇಲೆ ಇವರು ಓರೆಯಾಗಿ ನಿಂತಿದ್ದಾರೆ. ನಿಂತಿದ್ದಾರೆ ಎನ್ನುವಂತಿಲ್ಲ, ಕಾಲ ತುದಿ ಮಾತ್ರ ನೆಲದ ಮೇಲಿದೆ, ಮಿಕ್ಕ ಮೈಯೆಲ್ಲ ಗಾಳಿಯಲ್ಲಿ. ಮಕ್ಕಳು ‘ತೊಟ್ಟಿಗೇ’ ಎಂದು ಬಾಯಿ ತೆರೆದವರು ತೆರೆದಂತೆಯೇ ಇದ್ದಾರೆ, ಮುಂದಿನ ಪದ ಬಂದಿಲ್ಲ.

“ಕ್ರಿಯಾಪದ!” ಎಂದು ಗೋಡೆಯ ಬಳಿಯಿಂದ ಮೇಷ್ಟ್ರು ಕಿರುಚಿದರು. “ಯಾರೂ ಕ್ರಿಯಾಪದ ಹೇಳ್ಬೇಡ್ರೋ!”

ಕ್ರಿಯಾಪದವೆಂದರೇನೆಂದು ಒಂದನೇ ತರಗತಿಯವರಿಗೆ ಏನು ಗೊತ್ತು? ಎಲ್ಲರೂ ಪಮ್ಮಿಯ ಮುಖ ನೋಡಿದರು. ಅವಳು ನನ್ನನ್ನು ನೋಡಿದಳು. ನನ್ನ ಸೆರಗು ಸೀಬೆಗಿಡದಲ್ಲಿ ಸಿಕ್ಕಿಕೊಂಡಿತ್ತು, ಒಂದು ಚಪ್ಪಲಿ ಕೊಟ್ರಯ್ಯನ ಹೆಗಲ ಮೇಲಿತ್ತು, ಮುಖಕ್ಕೆಲ್ಲ ಹತ್ತಿ ಗಡ್ಡ ಬಂದಿತ್ತು. ಅವಳ ತುಟಿ ಮೊದಲು ಒಂದು ಕಡೆ ಓಡಿತು, ಆಮೇಲೆ ಇನ್ನೊಂದು ಕಡೆ. ಇವರು ಗಾಳಿಯಲ್ಲಿ ನಡುಗುತ್ತಾ, “ಬೇಗ ಹೇಳವ್ವ, ಸೊಂಟ ಹಿಡ್ಕೊಳ್ತಿದೆ” ಎಂದರು. ಪಮ್ಮಿ ಉಸಿರೆಳೆದುಕೊಂಡು, ಎಲ್ಲಿ ಬಿಟ್ಟಿದ್ದಳೋ ಅಲ್ಲಿಂದಲೇ ಹಿಡಿದಳು:

ತಿಪ್ಪೇಶಿ ಮಾವ ತೊಟ್ಟಿಗೆ ಬೀಳೋದ್ರೊಳಗೆ
ಹಾಲತ್ತೆ ಬಿದ್ಲು ದಿಂಬಿನ ಜೊತೆಗೆ
ಹತ್ತಿ ಎಲ್ಲ ಮೇಲಕ್ಕೆ, ಅತ್ತೆ ಮಾತ್ರ ಕೆಳಕ್ಕೆ

‘ಬೀಳೋದ್ರೊಳಗೆ’ ಎಂದದ್ದೇ ತಡ, ಯಾರೋ ಹಿಂದಿನಿಂದ ಅಂಗಿ ಹಿಡಿದು ಎಳೆದಂತೆ ಇವರು ನೆಟ್ಟಗಾದರು. ಬಿದ್ದಿರಲಿಲ್ಲ. ಒದ್ದೆಯಾಗಿರಲಿಲ್ಲ. ಮೀಸೆಯ ಎರಡು ತುದಿಗಳೂ ಒಂದೇ ಎತ್ತರದಲ್ಲಿದ್ದವು. ಹಾಡಿನ ಹೊತ್ತಿನಲ್ಲಿ ಆ ಮುಖವನ್ನು ಹಾಗೆ ನೋಡಿ ಎಷ್ಟು ಕಾಲವಾಗಿತ್ತೋ, ಬೇರೆ ಯಾರೋ ಗಂಡಸು ಎಂದುಕೊಂಡು ನಾನು ಸೆರಗು ಹುಡುಕಿದೆ.

ಈಗ ಬೀಳುವ ಸರದಿ ನನ್ನದು. ದಿನಾ ಬೀಳುತ್ತೇನೆ, ಪರೀಕ್ಷೆ ಮುಗಿದ ದಿನ ಬಿಡುವಿಲ್ಲದೆ ಬೀಳುತ್ತೇನೆ. ನನ್ನನ್ನು ಎತ್ತಲು ಇವರಿಂದಾಗುವುದಿಲ್ಲ, ಮಕ್ಕಳೇ ಹತ್ತು ಜನ ಸೇರಿ ಎತ್ತುತ್ತಾರೆ. ಓಣಿಯ ಹೆಂಗಸರಿಗೆ ಪಂಚೆ ಹಿಂಡುವ ನೀರು ತಪ್ಪಿತು, ಬದಲಿಗೆ ಪ್ರತಿ ಸಲ ಎಲ್ಲಿಂದಲೋ ಹಾರಿ ಬರುವ ಹತ್ತಿಯನ್ನು ಆರಿಸಿ ಬತ್ತಿ ಹೊಸೆಯುತ್ತಾರೆ. ಚಿದಾನಂದ ಮೇಷ್ಟ್ರು ಹಾಲತ್ತೆಯೆಂದರೆ ಹತ್ತಿಯ ವ್ಯಾಪಾರ ಮಾಡುತ್ತಿದ್ದ ಒಬ್ಬ ರಾಣಿ ಎಂದು ಲೇಖನ ಬರೆದಿದ್ದಾರಂತೆ. ಆವತ್ತು ಅವರು ಕಣ್ಣಾರೆ ನೋಡಿದವರು!

ಇರಲಿ. ಆವತ್ತಿನದೇ ಇನ್ನೂ ಸ್ವಲ್ಪ ಉಳಿದಿದೆ. ಪದ್ಯಕ್ಕೆ ಕೊನೆಯ ಸಾಲು ಬೇಕಿತ್ತು. ಪಮ್ಮಿ ಇವರ ಕಡೆ ತಿರುಗಿದಳು. ಇವರು ತೊಟ್ಟಿಯಲ್ಲಿ ಬಿದ್ದಿದ್ದ ನನ್ನನ್ನು ದಿಟ್ಟಿಸುತ್ತಾ ನಿಂತಿದ್ದರು. ಕೆನ್ನೆ ಅದುರುತ್ತಿತ್ತು, ಅಳುತ್ತಾರೇನೋ ಎಂದು ನನಗೆ ಗಾಬರಿ. ಗಂಟಲಿನಲ್ಲಿ ಏನೋ ಗೊರಗೊರ ಎಂದಿತು, ಸೋಡಾ ಬಾಟಲಿಯ ಗೋಲಿ ಒತ್ತಿದ ಹಾಗೆ. ಆಮೇಲೆ ಬುಸ್ಸೆಂದು ಹೊರಬಂತು. ಮದುವೆಯಾದಾಗಿನಿಂದ ನಾನು ಕೇಳಿರದ ನಗು, ಒಡಕು ದನಿಯ ದೊಡ್ಡ ನಗು. ನಕ್ಕ ರಭಸಕ್ಕೆ ಹಲ್ಲುಸೆಟ್ಟು ಬಾಯಿಂದ ಹಾರಿ, ಹತ್ತಿಯ ನಡುವೆ ನನ್ನ ಮಡಿಲಿಗೆ ಬಂದು ಬಿತ್ತು. ಮಕ್ಕಳು ಕುಣಿದಾಡಿಬಿಟ್ಟರು. ‘ತಿಪ್ಪೇಶಿ ನಕ್ಕ ಹಲ್ಸೆಟ್ಟು ಹೊರಕ್ಕೆ!’ ಎಂದು ಇಡೀ ಸಾಲು ಕೂಗಿತು. ಪದ್ಯ ಮುಗಿಯಿತು. ಶಾಲೆಯ ಗಂಟೆ ಹೊಡೆಯಿತು, ಮಕ್ಕಳು ಬ್ಯಾಗು ಎತ್ತಿಕೊಂಡು ಓಡಿದರು, ಮೇಷ್ಟ್ರು, ಕೊಟ್ರಯ್ಯ ಇಬ್ಬರೂ ಅವರ ಹಿಂದೆ ಹೋದರು. ಹಿತ್ತಲು ಖಾಲಿಯಾಯಿತು.

ನಾನು ಮಡಿಲಿನಲ್ಲಿದ್ದ ಸೆಟ್ಟನ್ನು ಎತ್ತಿ ನೋಡಿದೆ. ಅದಕ್ಕೂ ಹತ್ತಿಯ ಮೀಸೆ ಬಂದಿತ್ತು, ಒಂದು ಕಡೆ ಮೇಲಕ್ಕೆ, ಒಂದು ಕಡೆ ಕೆಳಕ್ಕೆ. ಹೊಸ ಪದ್ಯದಲ್ಲಿ ನಾನು ನಗುವ ಸಾಲಿಲ್ಲ. ಹಳೆಯದನ್ನು ಹಾಡುವವರು ಇನ್ನು ಊರಲ್ಲಿ ಯಾರೂ ಇಲ್ಲ. ಆದರೂ ಹೊಟ್ಟೆಯ ಆಳದಿಂದ ಏನೋ ಕದಲಿ, ಮೇಲೆ ಬಂದು, ನನ್ನನ್ನು ಹಿಡಿದು ಅಲ್ಲಾಡಿಸತೊಡಗಿತು.

ಇವರು ಬೊಚ್ಚುಬಾಯಲ್ಲಿ, ಕಿವಿಗೆ ಕೈ ಹಚ್ಚಿ ಬೀದಿಯ ಕಡೆ ಆಲಿಸಿದರು. “ಹಾಲೂ” ಎಂದರು. “ಯಾರೂ ಹಾಡ್ತಿಲ್ಲ ಕಣೇ.”

“ಗೊತ್ತು ಕಣ್ರೀ” ಎಂದೆ ನಾನು, ನಗುತ್ತಾ.